ರಾ ಬೇಕೋ, ಜೆಪೆಗ್ ಸಾಕೋ: ಕಂಬಳದ ಕರೆಯಿಂದ ಕ್ರಿಕೆಟ್ ಅಂಗಣದವರೆಗೆ ಒಂದು ಹೋಲಿಕೆ

ಕಂಬಳದಲ್ಲಿ ಕೋಣಗಳ ಜೋಡಿ ಓಟ ಶುರುವಾಗುವ ಗಂತಿನಿಂದ ಹೊರಟು ಕೊನೆಯ ದಿಬ್ಬವಾದ ಮಂಜೊಟ್ಟಿ ಮುಟ್ಟುವುದಕ್ಕೆ ಹಿಡಿಯುವ ಕಾಲ ಬಹಳ ಕಡಿಮೆ. 2020ರ ಫೆಬ್ರುವರಿಯಲ್ಲಿ ಐಕಳದ ಕರೆಯಲ್ಲಿ, ಅಂದರೆ ಕೋಣಗಳು ಓಡುವ ಕೆಸರಿನ ಓಟದ ಹಾದಿಯಲ್ಲಿ, ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಓಡಿ ದೇಶದ ಗಮನ ಸೆಳೆದರು. ಅಂಥ ಓಟವೊಂದನ್ನು ಸೆಕೆಂಡಿಗೆ 20 ಚಿತ್ರಗಳ ವೇಗದಲ್ಲಿ ಮೊದಲಿನಿಂದ ಕೊನೆಯವರೆಗೆ ಸೆರೆಹಿಡಿದರೆ 272 ಚಿತ್ರಗಳಾಗುತ್ತವೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಕಡತ (ಸಂಸ್ಕರಿಸದ ಮೂಲ ಕಡತ) 28 ಎಂಬಿ ಎಂದು ಹಿಡಿದರೆ ಆ ಒಂದೇ ಓಟ ಏಳೂವರೆ ಜಿಬಿ ದಾಟುತ್ತದೆ. ಕ್ಯಾಮೆರಾವೇ ಸಂಸ್ಕರಿಸಿ ಕುಗ್ಗಿಸಿಕೊಡುವ, ಉತ್ತಮ ಗುಣಮಟ್ಟದ ಜೆಪೆಗ್ 10 ಎಂಬಿ ಎಂದುಕೊಂಡರೆ ಅದೇ ಓಟ ಮೂರು ಜಿಬಿಯೊಳಗೆ ಮುಗಿಯುತ್ತದೆ. ಇಡೀ ಓಟವನ್ನು ಹೀಗೆ ಗುಂಡಿ ಒತ್ತಿ ಹಿಡಿಯುವವರು ಯಾರೂ ಇಲ್ಲ, ಕೊನೆಯ ನಾಲ್ಕೈದು ಸೆಕೆಂಡುಗಳಲ್ಲೇ ಚಿತ್ರ ಇರುತ್ತದೆ ಎಂಬುದು ನಿಜ. ಆದರೂ ರಾತ್ರಿಯಿಡೀ ಒಂದರ ಹಿಂದೊಂದು ಜೋಡಿ ಕರೆಗೆ ಇಳಿಯುವಾಗ ಈ ಲೆಕ್ಕವನ್ನು ಮನೆಯಲ್ಲೇ ಮಾಡಿಕೊಂಡು ಹೊರಡುವುದು ಒಳಿತು.

ರಾ ಎಂದರೆ ಗುಣಮಟ್ಟ, ಜೆಪೆಗ್ ಎಂದರೆ ಅನುಕೂಲ ಎಂಬ ಮಾತನ್ನು ಛಾಯಾಗ್ರಹಣ ಕಲಿಯುವವರೆಲ್ಲ ಮೊದಲ ವಾರದಲ್ಲೇ ಕೇಳಿರುತ್ತಾರೆ. ಮದುವೆಯ ಚಿತ್ರಗಳಿಗೋ ಭೂದೃಶ್ಯಕ್ಕೋ ಆ ಮಾತು ಸಾಕಾಗಬಹುದು, ಆದರೆ ಕ್ರೀಡೆಗೆ ಅದು ಅರ್ಧ ಸತ್ಯ. ಬೆಳಕಿನ ಬಣ್ಣ, ಹೊಳಪು, ನೆರಳಿನ ಆಳ ಇವುಗಳನ್ನು ಕುರಿತ ತೀರ್ಮಾನವನ್ನು ಯಾವಾಗ ತೆಗೆದುಕೊಳ್ಳುತ್ತೀರಿ ಎಂಬುದೇ ಇಲ್ಲಿ ನಿಜವಾದ ಪ್ರಶ್ನೆ. ಜೆಪೆಗ್‌ನಲ್ಲಿ ಆ ತೀರ್ಮಾನ ಅಂಗಣದಲ್ಲಿ, ಗುಂಡಿ ಒತ್ತುವ ಮೊದಲೇ ಆಗಿಹೋಗಿರಬೇಕು. ರಾ ಅದನ್ನು ಮುಂದೂಡಲು ಅವಕಾಶ ಕೊಡುತ್ತದೆ, ಮುಂದೂಡಿದ ಕೆಲಸ ಮಾತ್ರ ರಾತ್ರಿ ಎರಡು ಗಂಟೆಗೆ ಲ್ಯಾಪ್‌ಟಾಪ್ ಮುಂದೆ ನಿಮಗಾಗಿ ಕಾಯುತ್ತಿರುತ್ತದೆ. ಆದ್ದರಿಂದ ಬೆಳಕನ್ನು ನೀವು ಎಷ್ಟರಮಟ್ಟಿಗೆ ನಂಬಬಹುದು, ಚಿತ್ರವನ್ನು ಎಷ್ಟು ನಿಮಿಷಗಳಲ್ಲಿ ತಲುಪಿಸಬೇಕು ಎಂಬ ಎರಡು ಸಂಗತಿಗಳನ್ನು ಮುಂದಿಟ್ಟುಕೊಂಡೇ ಆಯ್ಕೆ ಮಾಡಬೇಕೆಂಬುದು ನನ್ನ ಅಭಿಪ್ರಾಯ.

ಎರಡು ಕಡತಗಳ ಒಳಗೆ

ಕ್ಯಾಮೆರಾದ ಸಂವೇದಕದ ಪ್ರತಿ ಪಿಕ್ಸೆಲ್ಲೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದೇ ಬಣ್ಣದ ಬೆಳಕನ್ನು ಅಳೆಯುತ್ತದೆ. ಆ ಅಳತೆಗಳನ್ನು ಬಣ್ಣದ ಚಿತ್ರವಾಗಿ ಹೆಣೆಯದೆ ಹಾಗೆಯೇ ಬರೆದಿಟ್ಟದ್ದು ರಾ. 14 ಬಿಟ್‌ನ ರಾ ಕಡತ ಪ್ರತಿ ಅಳತೆಗೂ 16,384 ಹಂತಗಳನ್ನು ಕೊಡುತ್ತದೆ, 12 ಬಿಟ್‌ನದು 4,096 ಹಂತಗಳನ್ನು. 24 ಮೆಗಾಪಿಕ್ಸೆಲ್‌ಗಳನ್ನು 14 ಬಿಟ್‌ನಲ್ಲಿ ಏನೂ ಕುಗ್ಗಿಸದೆ ಬರೆದರೆ 42 ಎಂಬಿ ಬೇಕು. ಮಾಹಿತಿ ಕಳೆದುಕೊಳ್ಳದ ಸಂಕುಚನ ಅದನ್ನು ಸಾಮಾನ್ಯವಾಗಿ 30 ಎಂಬಿಯ ಆಸುಪಾಸಿಗೆ ಇಳಿಸುತ್ತದೆ. ನಿಕಾನ್‌ನ ಎನ್‌ಇಎಫ್, ಕ್ಯಾನನ್‌ನ ಸಿಆರ್3, ಸೋನಿಯ ಎಆರ್‌ಡಬ್ಲ್ಯೂ ಎಲ್ಲವೂ ಈ ಜಾತಿಗೇ ಸೇರಿದವು.

1992ರಲ್ಲಿ ಮಾನಕವಾಗಿ ರೂಪುಗೊಂಡ ಜೆಪೆಗ್ ಇದೇ ಅಳತೆಗಳಿಂದ ಪೂರ್ಣ ಬಣ್ಣದ ಚಿತ್ರವನ್ನು ಕಟ್ಟಿ, ಕ್ಯಾಮೆರಾದಲ್ಲಿ ಹೊಂದಿಸಿಟ್ಟ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ), ಕಾಂಟ್ರಾಸ್ಟ್, ನಾಯ್ಸ್ (ಚಿತ್ರದಲ್ಲಿ ಮೂಡುವ ಬೇಡದ ಚುಕ್ಕೆಗಳು) ನಿವಾರಣೆಗಳನ್ನು ಅದರಲ್ಲಿ ಬೆರೆಸಿ, ಪ್ರತಿ ಬಣ್ಣಕ್ಕೂ 8 ಬಿಟ್, ಅಂದರೆ 256 ಹಂತಗಳಿಗೆ ಇಳಿಸಿದ ರೂಪ. ಆಮೇಲೆ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಕಾಣದ ಸೂಕ್ಷ್ಮ ಏರಿಳಿತಗಳನ್ನು ಅದು ಕೈಬಿಡುತ್ತದೆ. ನೀಲಿ ಆಕಾಶ, ಹಸಿರು ಹುಲ್ಲುಹಾಸು, ಕಬಡ್ಡಿಯ ಮ್ಯಾಟ್ ಇಂಥವು ಈ ಕ್ರಮದಲ್ಲಿ ಸುಲಭವಾಗಿ ಕುಗ್ಗುತ್ತವೆ. ಕೋಣಗಳ ಕಾಲಿನಿಂದ ಸಿಡಿಯುವ ಕೆಸರುನೀರು ಹಾಗಲ್ಲ, ಅಲ್ಲಿ ಸೂಕ್ಷ್ಮ ಏರಿಳಿತಗಳೇ ಚಿತ್ರ. ಕನೆಹಲಗೆಯ ಸ್ಪರ್ಧೆಯಲ್ಲಿ ಓಡಿಸುವವನು ನಿಂತ ಹಲಗೆಯ ತೂತುಗಳಿಂದ ಚಿಮ್ಮುವ ನೀರು ಆರೂವರೆ ಕೋಲು, ಏಳೂವರೆ ಕೋಲು ಎತ್ತರದ ನಿಶಾನೆಯನ್ನು ಮುಟ್ಟಿತೋ ಇಲ್ಲವೋ ಎಂದು ಎಲ್ಲರೂ ಕತ್ತೆತ್ತಿ ನೋಡುವ ಆ ಕ್ಷಣದಲ್ಲಿ ನೀರಿನ ತುದಿಯ ಹನಿಗಳೇ ನಿರ್ಣಾಯಕ. ಗರಿಷ್ಠ ಗುಣಮಟ್ಟದ ಜೆಪೆಗ್ ಅವನ್ನು ಚೆನ್ನಾಗಿಯೇ ಉಳಿಸುತ್ತದೆ, ಆದರೆ ಜಾಗ ಉಳಿಸಲೆಂದು ಗುಣಮಟ್ಟವನ್ನು ಒಂದೆರಡು ಹಂತ ಇಳಿಸಿಟ್ಟವರಿಗೆ ಆ ಹನಿಗಳು ಹಿಟ್ಟು ಚೆಲ್ಲಿದಂತೆ ಕಾಣುತ್ತವೆ. ಜೆಪೆಗ್ ಆರಿಸಿಕೊಂಡವರು ಗುಣಮಟ್ಟದಲ್ಲಿ ಜಿಪುಣತನ ಮಾಡಬಾರದು.

ಬೆಳಕಿನ ವಿಚಾರ

ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ರಣಜಿ ಪಂದ್ಯದ ಚಿತ್ರ ತೆಗೆಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಮೋಡವಿಲ್ಲದ ದಿನ ಬೆಳಕು ನಿಧಾನವಾಗಿ ಮಾತ್ರ ಬದಲಾಗುತ್ತದೆ. ಆಟಗಾರರ ಬಿಳಿ ಉಡುಪು ಸುಟ್ಟುಹೋಗದಂತೆ, ಅಂದರೆ ವಿವರವಿಲ್ಲದ ಬರಿಯ ಬಿಳಿಯಾಗದಂತೆ, ಎಕ್ಸ್‌ಪೋಷರ್ (ಒಳಬಿಡುವ ಬೆಳಕಿನ ಪ್ರಮಾಣ) ಅನ್ನು ಕೈಯಾರೆ ಹೊಂದಿಸಿ, ವೈಟ್ ಬ್ಯಾಲೆನ್ಸ್ ಅನ್ನು ಬಿಸಿಲಿಗೆ ನಿಲ್ಲಿಸಿಬಿಟ್ಟರೆ ಒಂದು ತಾಸಿನ ಮಟ್ಟಿಗೆ ನೀವು ಚೆಂಡನ್ನು ಮಾತ್ರ ನೋಡುತ್ತಾ ಇರಬಹುದು. ಇಂಥ ಕಡೆ ರಾ ನಿಮಗೆ ಕೊಡುವ ಹೆಚ್ಚುವರಿ ಅವಕಾಶ ಬಹುಮಟ್ಟಿಗೆ ಬಳಕೆಗೇ ಬರುವುದಿಲ್ಲ. ಸಂಜೆ ಸ್ಟ್ಯಾಂಡ್‌ಗಳ ನೆರಳು ಪಿಚ್‌ನ ಅರ್ಧವನ್ನು ಆವರಿಸಿ, ಬೌಲರ್ ಬಿಸಿಲಲ್ಲಿ, ಬ್ಯಾಟರ್ ನೆರಳಲ್ಲಿ ಇರುವ ಒಂದು ತಾಸನ್ನು ಮಾತ್ರ ಇದಕ್ಕೆ ಅಪವಾದವೆನ್ನಬಹುದು.

ಕಂಬಳದ ರಾತ್ರಿ ಇದಕ್ಕೆ ಪೂರ್ತಿ ವಿರುದ್ಧ. ಕಪ್ಪು ಕೋಣ, ಅದರ ಮೈಮೇಲೆ ಒದ್ದೆಯ ಹೊಳಪು, ಸುತ್ತ ಫ್ಲಡ್‌ಲೈಟ್‌ಗೆ ಬೆಳ್ಳಗೆ ಮಿಂಚುವ ನೀರು, ಹಿಂದೆ ಕತ್ತಲು. ಓಟವನ್ನು ನಿಲ್ಲಿಸಲು ಶಟರ್ ವೇಗ ಸೆಕೆಂಡಿನ 1/1000ಕ್ಕಿಂತ ಕೆಳಗೆ ಇಳಿಯುವಂತಿಲ್ಲ, ಹೆಚ್ಚು ಬೆಳಕು ಒಳಬಿಡುವ ಎಫ್/2.8ರ ಲೆನ್ಸ್ ಇದ್ದರೂ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯ ಮಟ್ಟವಾದ ಐಎಸ್‌ಒ 6400, ಕೆಲವೊಮ್ಮೆ 12800 ಮುಟ್ಟುತ್ತದೆ. ಕೋಣದ ಮೈಗೆ ಸರಿಯಾಗಿ ಎಕ್ಸ್‌ಪೋಷರ್ ಕೊಟ್ಟರೆ ನೀರು ಬರಿಯ ಬಿಳಿ ಕಲೆಯಾಗುತ್ತದೆ, ನೀರನ್ನು ಉಳಿಸಿಕೊಂಡರೆ ಕೋಣ ಕತ್ತಲಲ್ಲಿ ಕರಗುತ್ತದೆ. ರಾ ಇದ್ದಾಗ ನೀರಿನ ಹೊಳಪನ್ನು ಕಾಯ್ದುಕೊಂಡು, ಕೋಣದ ಮೈಯನ್ನು ಆಮೇಲೆ ಮೇಲೆತ್ತುವ ದಾರಿ ಉಳಿದಿರುತ್ತದೆ. 8 ಬಿಟ್‌ನ ಜೆಪೆಗ್‌ನಲ್ಲಿ ಅದೇ ಪ್ರಯತ್ನ ಮಾಡಿದರೆ ಕಪ್ಪು ಮೈಯಲ್ಲಿ ಮೆಟ್ಟಿಲು ಮೆಟ್ಟಿಲಾದ ಪಟ್ಟಿಗಳು, ಚೌಕಳಿಗಳು ಎದ್ದು ಬರುತ್ತವೆ, ಏಕೆಂದರೆ ಆ ನೆರಳಿನಲ್ಲಿ ಉಳಿದಿದ್ದುದೇ ಬೆರಳೆಣಿಕೆಯ ಹಂತಗಳು.

ದೀಪಗಳದ್ದು ಬೇರೆಯೇ ತಕರಾರು. ನಮ್ಮಲ್ಲಿ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆದ್ದರಿಂದ ಮೆಟಲ್ ಹಾಲೈಡ್ ದೀಪಗಳು ಸೆಕೆಂಡಿಗೆ 100 ಬಾರಿ ಮಿಡಿಯುತ್ತವೆ, ಮಿಡಿತದ ಏರಿಳಿತದೊಂದಿಗೆ ಅವುಗಳ ಬಣ್ಣವೂ ತುಸು ಬದಲಾಗುತ್ತದೆ. 1/1250ರ ಶಟರ್ ಆ ಮಿಡಿತದ ಒಂದು ತುಣುಕನ್ನಷ್ಟೇ ಹಿಡಿಯುವುದರಿಂದ ಒಂದೇ ಬರ್ಸ್ಟ್‌ನ (ಗುಂಡಿ ಒತ್ತಿ ಹಿಡಿದು ತೆಗೆದ ಚಿತ್ರಸರಣಿಯ) ಮೊದಲ ಚಿತ್ರ ಹಳದಿ, ಎರಡನೆಯದು ಹಸಿರು, ಮೂರನೆಯದು ಮಂಕು ಎಂಬಂತಾಗುತ್ತದೆ. ನಾನೊಮ್ಮೆ ಕಾರ್ಡ್‌ನಲ್ಲಿ ಜಾಗ ಉಳಿಸಲು ರಾತ್ರಿಯಿಡೀ ಆಟೋ ವೈಟ್ ಬ್ಯಾಲೆನ್ಸ್‌ನಲ್ಲಿ ಜೆಪೆಗ್ ತೆಗೆದು, ಮರುದಿನ ಒಂದೇ ಜೋಡಿಯ ಆರು ಚಿತ್ರಗಳನ್ನು ಒಂದೇ ಬಣ್ಣಕ್ಕೆ ತರಲಾಗದೆ ಕೊನೆಗೆ ಕಪ್ಪು-ಬಿಳುಪು ಮಾಡಿ ಕೊಟ್ಟೆ. ನೋಡಿದವರು ಕಲಾತ್ಮಕವಾಗಿದೆ ಎಂದರು, ನಾನು ಸುಮ್ಮನಿದ್ದೆ. ರಾ ಆಗಿದ್ದರೆ ಪ್ರತಿ ಚಿತ್ರದ ಬಣ್ಣವನ್ನು ಬೇರೆ ಬೇರೆಯಾಗಿ ತಿದ್ದಿ ಸಮ ಮಾಡಬಹುದಿತ್ತು. ಎಲೆಕ್ಟ್ರಾನಿಕ್ ಶಟರ್ ಬಳಸಿದಾಗ ಒಂದೇ ಚಿತ್ರದಲ್ಲಿ ಅಡ್ಡಡ್ಡ ಪಟ್ಟಿಗಳು ಮೂಡಿದರೆ ಮಾತ್ರ ರಾ ಕೂಡ ಹೆಚ್ಚೇನೂ ಮಾಡಲಾರದು. ಅದಕ್ಕೆ ಕ್ಯಾಮೆರಾದ ಫ್ಲಿಕರ್ ನಿವಾರಣೆಯನ್ನೋ ಮೆಕ್ಯಾನಿಕಲ್ ಶಟರನ್ನೋ ಆಶ್ರಯಿಸಬೇಕು.

ನಾಯ್ಸ್ ವಿಷಯದಲ್ಲಿ ಕಳೆದ ಕೆಲವು ವರ್ಷಗಳಲ್ಲಿ ತಕ್ಕಡಿ ರಾ ಕಡೆಗೆ ಇನ್ನಷ್ಟು ವಾಲಿದೆ. ಕ್ಯಾಮೆರಾ ತನ್ನೊಳಗೇ ಮಾಡುವ ನಾಯ್ಸ್ ನಿವಾರಣೆಗೆ ಸಿಗುವ ಸಮಯ ಕ್ಷಣದ ಒಂದು ಭಾಗ ಮಾತ್ರ, ಹಾಗಾಗಿ ಅದು ಕೆಸರಿನ ಕಣಗಳನ್ನೂ ನಾಯ್ಸ್ ಎಂದೇ ಎಣಿಸಿ ಒರೆಸಿಬಿಡುವುದುಂಟು. 2023ರ ಏಪ್ರಿಲ್‌ನಲ್ಲಿ ಚಿತ್ರ ತಿದ್ದುವ ತಂತ್ರಾಂಶವಾದ ಲೈಟ್‌ರೂಮ್‌ಗೆ ಬಂದ ಡಿನಾಯ್ಸ್ ಸೌಲಭ್ಯ ಮೊದಲಿಗೆ ಕೆಲಸ ಮಾಡಿದ್ದೇ ರಾ ಕಡತಗಳ ಮೇಲೆ. ಅಂಥ ತಂತ್ರಾಂಶಗಳಿಗೆ ಹೆಣೆಯದ ಮೂಲ ಅಳತೆಗಳು ಸಿಕ್ಕಾಗ ಐಎಸ್‌ಒ 12800ರ ಚಿತ್ರವೂ ಅಚ್ಚಿಗೆ ಯೋಗ್ಯವಾಗಿ ಬರುತ್ತದೆ. ಒಂದೊಂದು ಚಿತ್ರಕ್ಕೂ ಅದು ತೆಗೆದುಕೊಳ್ಳುವ ಸಮಯವನ್ನು ಮಾತ್ರ ಮರೆಯಬಾರದು. ಆರಿಸಿದ ಹತ್ತು ಚಿತ್ರಗಳಿಗೆ ಅದು ವರ, ಮುನ್ನೂರಕ್ಕೆ ಶಿಕ್ಷೆ.

ಬಫರ್ ತುಂಬಿದಾಗ

ಕ್ಯಾಮೆರಾ ಚಿತ್ರಗಳನ್ನು ಮೊದಲು ತನ್ನ ಒಳಗಿನ ತಾತ್ಕಾಲಿಕ ಸಂಗ್ರಹವಾದ ಬಫರ್‌ಗೆ ತುಂಬಿ, ಅಲ್ಲಿಂದ ಕಾರ್ಡ್‌ಗೆ ಬರೆಯುತ್ತದೆ. ಸೆಕೆಂಡಿಗೆ 10 ಚಿತ್ರಗಳಂತೆ 28 ಎಂಬಿಯ ರಾ ತೆಗೆದರೆ ಸೆಕೆಂಡಿಗೆ 280 ಎಂಬಿ ಬರೆಯಬೇಕು. ಯುಎಚ್‌ಎಸ್-1 ವರ್ಗದ ಎಸ್‌ಡಿ ಕಾರ್ಡ್‌ನ ಸಂಪರ್ಕದ ಮಿತಿಯೇ 104 ಎಂಬಿ, ಬರೆಯುವ ವೇಗ ಅದಕ್ಕಿಂತಲೂ ಕಡಿಮೆ. ಯುಎಚ್‌ಎಸ್-2ರ ಮಿತಿ 312 ಎಂಬಿ. ಸಿಎಫ್‌ಎಕ್ಸ್‌ಪ್ರೆಸ್ ಟೈಪ್ ಬಿ ಕಾರ್ಡ್‌ಗಳಲ್ಲಿ ಒಳ್ಳೆಯವು ಒಂದು ಜಿಬಿಯ ಗಡಿಯನ್ನೂ ದಾಟುತ್ತವೆ. ಅಂದರೆ ಸಾಧಾರಣ ಎಸ್‌ಡಿ ಕಾರ್ಡ್ ಇರುವ ಮಧ್ಯಮ ಬೆಲೆಯ ಕ್ಯಾಮೆರಾದಲ್ಲಿ ರಾ ತೆಗೆಯುವವರು ಕೆಲವೇ ಸೆಕೆಂಡುಗಳಲ್ಲಿ ಗೋಡೆಗೆ ಬಡಿಯುತ್ತಾರೆ, ಜೆಪೆಗ್ ತೆಗೆಯುವವರು ಬಹುತೇಕ ತಡೆಯಿಲ್ಲದೆ ಸಾಗುತ್ತಾರೆ. ಕೋಣಗಳು ಮಂಜೊಟ್ಟಿಯ ಇಳಿಜಾರನ್ನು ಏರುವ ಹೊತ್ತಿಗೆ ಕ್ಯಾಮೆರಾ ಉಸಿರುಗಟ್ಟಿ ನಿಂತರೆ 14 ಬಿಟ್ ಇದ್ದು ಫಲವೇನು?

ಕೈಪಿಡಿಗಳಲ್ಲಿ ಅಚ್ಚಾಗಿರುವ ಬಫರ್ ಸಂಖ್ಯೆಗಳನ್ನು ನಂಬಿ ಹೋಗುವವರಿಗೆ ಒಂದು ಎಚ್ಚರಿಕೆ. ಆ ಸಂಖ್ಯೆಗಳು ಸಾಮಾನ್ಯವಾಗಿ ಐಎಸ್‌ಒ 100ರಂತಹ ಕೆಳ ಮಟ್ಟದಲ್ಲಿ ಅಳೆದವು. ಐಎಸ್‌ಒ ಏರಿದಂತೆ ನಾಯ್ಸ್ ಏರುತ್ತದೆ, ಮತ್ತು ಸಂಕುಚನಕ್ಕೆ ನಾಯ್ಸ್‌ನಷ್ಟು ಒಗ್ಗದ ವಸ್ತು ಇನ್ನೊಂದಿಲ್ಲ. ಆದ್ದರಿಂದ ರಾತ್ರಿ ಜೆಪೆಗ್ ಕಡತವೂ ಉಬ್ಬುತ್ತದೆ, ನಷ್ಟವಿಲ್ಲದೆ ಕುಗ್ಗಿಸಿದ ರಾ ಕಡತವೂ ಉಬ್ಬುತ್ತದೆ, ನೀರು ಚಿಮ್ಮುವ ಚೌಕಟ್ಟುಗಳು ಮತ್ತೂ ಉಬ್ಬುತ್ತವೆ. ಹಗಲಿನಲ್ಲಿ ಮನೆಯಂಗಳದಲ್ಲಿ ಪರೀಕ್ಷಿಸಿದ ಬಫರ್ ರಾತ್ರಿ ಕರೆಯ ಪಕ್ಕದಲ್ಲಿ ಸಿಗುವುದಿಲ್ಲ. ಪರೀಕ್ಷೆಯನ್ನೂ ಐಎಸ್‌ಒ 6400ರಲ್ಲೇ ಮಾಡಬೇಕು.

ಕೆಲವು ಕ್ಯಾಮೆರಾಗಳಲ್ಲಿ ಗರಿಷ್ಠ ವೇಗಕ್ಕೆ ಹೋದಾಗ ಆಯ್ಕೆ ನಿಮ್ಮ ಕೈಯಲ್ಲೇ ಇರುವುದಿಲ್ಲ. 2021ರಲ್ಲಿ ಬಂದ ನಿಕಾನ್ ಝಡ್9 ರಾ ಕಡತಗಳನ್ನು ಸೆಕೆಂಡಿಗೆ 20ರಂತೆ ಕೊಡುತ್ತದೆ. 30ರ ವೇಗವೂ, 11 ಮೆಗಾಪಿಕ್ಸೆಲ್‌ಗೆ ಇಳಿದು ತೆಗೆಯುವ 120ರ ವೇಗವೂ ಜೆಪೆಗ್‌ಗೆ ಮಾತ್ರ ಮೀಸಲು. ಅದೇ ವರ್ಷದ ಸೋನಿ ಎ1 ಕ್ಯಾಮೆರಾ ಸೆಕೆಂಡಿಗೆ 30 ಚಿತ್ರ ತೆಗೆಯಬೇಕಾದರೆ ನಷ್ಟಸಹಿತವಾಗಿ ಕುಗ್ಗಿಸಿದ ರಾ ಆಗಲೀ ಜೆಪೆಗ್‌ನಂತಹ ಕಡತವಾಗಲೀ ಬೇಕು, ನಷ್ಟರಹಿತ ರಾ ಎಂದರೆ 20ಕ್ಕೆ ಇಳಿಯುತ್ತದೆ. ಇನ್ನು ಕೆಲವು ಕ್ಯಾಮೆರಾಗಳು ಎಲೆಕ್ಟ್ರಾನಿಕ್ ಶಟರ್‌ನ ವೇಗದ ಬರ್ಸ್ಟ್‌ನಲ್ಲಿ ಸದ್ದಿಲ್ಲದೆ 14 ಬಿಟ್‌ನಿಂದ 12ಕ್ಕೆ ಇಳಿದುಬಿಡುತ್ತವೆ, ರಾ ಎಂಬ ಹೆಸರು ಮಾತ್ರ ಹಾಗೇ ಇರುತ್ತದೆ.

ನಡುವಿನ ದಾರಿ

ಈ ಚರ್ಚೆಯಲ್ಲಿ ಹೆಚ್ಚಿನವರು ಗಮನಿಸದೆ ಬಿಡುವ ಆಯ್ಕೆ ಕುಗ್ಗಿಸಿದ ರಾ. ಸಂಕುಚಿತ ಕಡತವೆಂದರೆ ಜೆಪೆಗ್ ಒಂದೇ ಅಲ್ಲ. 2018ರಲ್ಲಿ ಇಒಎಸ್ ಎಂ50 ಕ್ಯಾಮೆರಾದೊಂದಿಗೆ ಕ್ಯಾನನ್ ತಂದ ಸಿ-ರಾ ಸಾಮಾನ್ಯ ರಾ ಕಡತಕ್ಕಿಂತ ಸುಮಾರು ಶೇ 30ರಿಂದ 40ರಷ್ಟು ಚಿಕ್ಕದು. ನಿಕಾನ್ ಝಡ್9ರೊಂದಿಗೆ ಹೈ ಎಫಿಷಿಯೆನ್ಸಿ ಎಂಬ ರಾ ಬಂತು, ಅದರಲ್ಲೂ ನಕ್ಷತ್ರ ಚಿಹ್ನೆಯ ಮೇಲ್ದರ್ಜೆ ಒಂದಿದೆ. ಇವುಗಳಲ್ಲಿ ಸ್ವಲ್ಪ ಮಾಹಿತಿ ನಷ್ಟವಾಗುವುದು ನಿಜ. ಆದರೆ ವೈಟ್ ಬ್ಯಾಲೆನ್ಸ್ ಬದಲಿಸುವ, ಹೊಳಪನ್ನು ಹಿಂದಕ್ಕೆ ತರುವ, ನೆರಳನ್ನು ಎತ್ತುವ ಸ್ವಾತಂತ್ರ್ಯ ಹೆಚ್ಚುಕಡಿಮೆ ಪೂರ್ತಿಯಾಗಿ ಉಳಿಯುತ್ತದೆ. ನೆರಳನ್ನು ನಾಲ್ಕೈದು ಸ್ಟಾಪ್‌ಗಳಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಎಳೆದಾಗ ಮಾತ್ರ ಸಿ-ರಾದಲ್ಲಿ ಹೆಚ್ಚಿನ ನಾಯ್ಸ್ ಕಾಣಿಸಬಹುದು, ಮತ್ತು ಅಷ್ಟು ಎಳೆಯಬೇಕಾದ ಕ್ರೀಡಾಚಿತ್ರ ಮೊದಲೇ ಕೈತಪ್ಪಿದ ಚಿತ್ರ.

ಸೋನಿಯ ಹಳೆಯ ಕುಗ್ಗಿಸಿದ ರಾ ವಿಷಯದಲ್ಲಿ ಮಾತ್ರ ಸ್ವಲ್ಪ ಹುಷಾರಾಗಿರಬೇಕು. ಕಡುಗಪ್ಪಿನ ಪಕ್ಕದಲ್ಲೇ ತೀಕ್ಷ್ಣವಾದ ಹೊಳಪು ಇರುವ ಅಂಚುಗಳಲ್ಲಿ, ನೆರಳನ್ನು ಎಳೆದಾಗ ಅದು ಕಲೆಗಳನ್ನು ಬಿಡುತ್ತದೆ ಎಂಬ ದೂರು ಬಹುಕಾಲ ಇತ್ತು. 2015ರಲ್ಲಿ ಕಂಪನಿ ಕುಗ್ಗಿಸದ ರಾ ಆಯ್ಕೆಯನ್ನು ಕೊಟ್ಟಿತು, 2021ರ ಎ1ರಿಂದ ನಷ್ಟರಹಿತ ಸಂಕುಚನವೂ ಬಂತು. ಕತ್ತಲ ಆಕಾಶದ ಎದುರು ಹೊಳೆಯುವ ನೀರಹನಿಯೆಂದರೆ ಸರಿಯಾಗಿ ಅಂಥದೇ ಅಂಚು. ಹಳೆಯ ಸೋನಿ ಕ್ಯಾಮೆರಾ ಇರುವವರು ಕನೆಹಲಗೆಗೆ ಹೋಗುವ ಮೊದಲು ಮನೆಯ ನಲ್ಲಿಯ ನೀರನ್ನು ರಾತ್ರಿ ಟಾರ್ಚ್ ಬೆಳಕಿನಲ್ಲಿ ತೆಗೆದು ನೋಡಿಕೊಳ್ಳಬಹುದು.

ಹತ್ತು ಬಿಟ್‌ನ ಹೀಫ್ ಎಂಬ ಇನ್ನೊಂದು ಬಗೆಯೂ ಉಂಟು, 2020ರ ಕ್ಯಾನನ್ 1ಡಿಎಕ್ಸ್ ಮಾರ್ಕ್ 3ರಿಂದ ಕ್ರೀಡಾ ಕ್ಯಾಮೆರಾಗಳಲ್ಲಿ ಅದು ಕಾಣಿಸಿಕೊಂಡಿತು. ಪಡೆಯುವವರ ಕಂಪ್ಯೂಟರ್‌ನಲ್ಲಿ ಅದು ತೆರೆಯುತ್ತದೆಂಬ ಖಾತರಿ ಇಲ್ಲದಿದ್ದರೆ ಅದರ ಗೋಜಿಗೆ ಹೋಗದಿರುವುದೇ ಸರಿ.

ಚಿತ್ರ ಯಾರಿಗೆ, ಎಷ್ಟು ಹೊತ್ತಿಗೆ

ಪತ್ರಿಕೆಯ ಡೆಸ್ಕ್‌ಗೆ ಚಿತ್ರ ಕಳಿಸುವವರ ದಿನವೇ ಬೇರೆ. ಫೈನಲ್ ಮುಗಿದು ಹತ್ತು ನಿಮಿಷದೊಳಗೆ ಎರಡು ಚಿತ್ರ, ಅಡಿಬರಹದ ಸಮೇತ, ಬಯಲಿನಲ್ಲಿ ನೆರೆದ ಸಾವಿರಾರು ಜನರ ಮೊಬೈಲ್‌ಗಳ ನಡುವೆ ಸಿಗುವ ಬಡಪಾಯಿ ನೆಟ್‌ವರ್ಕ್‌ನಲ್ಲಿ ಹೋಗಬೇಕು. ಇಲ್ಲಿ ಜೆಪೆಗ್‌ಗೆ ಎದುರಾಳಿಯೇ ಇಲ್ಲ. ದೊಡ್ಡ ಕ್ರೀಡಾಕೂಟಗಳಲ್ಲಿ ಸುದ್ದಿಸಂಸ್ಥೆಗಳ ಛಾಯಾಗ್ರಾಹಕರು ಹೆಚ್ಚಾಗಿ ಜೆಪೆಗ್‌ನಲ್ಲೇ ತೆಗೆದು ಕ್ಯಾಮೆರಾದಿಂದ ನೇರವಾಗಿ ಸಂಪಾದಕರಿಗೆ ರವಾನಿಸುವುದಕ್ಕೂ ಇದೇ ಕಾರಣ. ರಾಯ್ಟರ್ಸ್ ಸಂಸ್ಥೆ 2015ರ ನವೆಂಬರ್‌ನಲ್ಲಿ ತನ್ನ ಫ್ರೀಲ್ಯಾನ್ಸ್ ಛಾಯಾಗ್ರಾಹಕರಿಗೆ ರಾ ಕಡತದಿಂದ ಸಂಸ್ಕರಿಸಿದ ಚಿತ್ರಗಳನ್ನು ಕಳಿಸಬೇಡಿ, ಕ್ಯಾಮೆರಾ ಕೊಟ್ಟ ಜೆಪೆಗ್ಗನ್ನೇ ಕಳಿಸಿ ಎಂದು ಸೂಚಿಸಿತು. ವೇಗದ ಜೊತೆಗೆ, ಚಿತ್ರ ಕಂಡದ್ದನ್ನೇ ಹೇಳಬೇಕೆಂಬುದೂ ಅದರ ಹಿಂದಿನ ಆಲೋಚನೆ. ಛಾಯಾಚಿತ್ರ ಸ್ಪರ್ಧೆಗಳ ನಿಲುವು ಬೇರೆ: ವರ್ಲ್ಡ್ ಪ್ರೆಸ್ ಫೋಟೊದಂತಹ ಸ್ಪರ್ಧೆ ಮುಂದಿನ ಸುತ್ತುಗಳಿಗೆ ಬಂದ ಚಿತ್ರಗಳ ಮೂಲ ಕಡತಗಳನ್ನು ತರಿಸಿ ತಾಳೆ ನೋಡುತ್ತದೆ, ಆಗ ರಾ ಕಡತವೇ ನಿಮ್ಮ ಪರವಾದ ಸಾಕ್ಷಿ. ಒಂದೇ ಕಡತವನ್ನು ಒಬ್ಬರು ಅನುಮಾನದಿಂದಲೂ ಇನ್ನೊಬ್ಬರು ಪುರಾವೆಯಾಗಿಯೂ ನೋಡುವುದು ತಮಾಷೆಯಾಗಿದೆ.

ಕೋಣದ ಯಜಮಾನರಿಗಾಗಿ ಮನೆಯ ಗೋಡೆಗೆ ಹಾಕುವ ದೊಡ್ಡ ಅಚ್ಚು ಮಾಡಿಕೊಡುವವರು, ಕ್ಯಾಲೆಂಡರಿಗೆ ತೆಗೆಯುವವರು, ವರ್ಷಗಟ್ಟಲೆ ಒಂದು ವಿಷಯವನ್ನು ದಾಖಲಿಸುತ್ತಿರುವವರು ರಾ ಬಿಟ್ಟು ಬೇರೆ ಯೋಚಿಸಬೇಕಾಗಿಲ್ಲ. ಈ ಎರಡು ಗುಂಪಿನ ನಡುವೆ ಇರುವವರು, ಅಂದರೆ ರಾತ್ರಿಯೇ ನಾಲ್ಕು ಚಿತ್ರ ಕಳಿಸಿ, ಉಳಿದದ್ದನ್ನು ವಾರದಲ್ಲಿ ನಿಧಾನವಾಗಿ ಮಾಡುವವರು, ಸಾಮಾನ್ಯವಾಗಿ ರಾ ಮತ್ತು ಜೆಪೆಗ್ ಎರಡನ್ನೂ ಒಟ್ಟಿಗೆ ತೆಗೆಯುತ್ತಾರೆ. ನನಗೆ ಅದು ಅಷ್ಟಾಗಿ ಹಿಡಿಸದು. ಎರಡೂ ಬರೆಯುವಾಗ ಬಫರ್ ಇನ್ನೂ ಬೇಗ ತುಂಬುತ್ತದೆ, ಎರಡು ಕಾರ್ಡ್‌ಗಳಿಗೆ ಹಂಚಿದರೂ ನಿಧಾನದ ಕಾರ್ಡ್‌ನ ವೇಗಕ್ಕೇ ಕ್ಯಾಮೆರಾ ಕಾಯುತ್ತದೆ, ಮನೆಗೆ ಬಂದಾಗ ಪ್ರತಿ ಚಿತ್ರಕ್ಕೂ ಎರಡೆರಡು ಕಡತಗಳ ಸಂತೆ. ಪ್ರತಿ ರಾ ಕಡತದೊಳಗೆ ಮುನ್ನೋಟಕ್ಕೆಂದು ಒಂದು ಜೆಪೆಗ್ ಮೊದಲೇ ಅಡಗಿರುತ್ತದೆ. ಫೋಟೊ ಮೆಕ್ಯಾನಿಕ್‌ನಂತಹ ತಂತ್ರಾಂಶ ಆ ಮುನ್ನೋಟವನ್ನೇ ತೋರಿಸುವುದರಿಂದ ರಾ ಕಡತಗಳನ್ನೂ ಸರಸರನೆ ನೋಡಿ ಆರಿಸಬಹುದು. ಇದಲ್ಲದೆ ಬಹುತೇಕ ಕ್ಯಾಮೆರಾಗಳು ಆರಿಸಿದ ರಾ ಕಡತವನ್ನು ತಮ್ಮೊಳಗೇ ಜೆಪೆಗ್ ಆಗಿ ಮಾಡಿಕೊಡುತ್ತವೆ. ನಾಲ್ಕು ಚಿತ್ರಗಳಿಗಾಗಿ ನಾಲ್ಕು ಸಾವಿರ ಜೆಪೆಗ್ ಹೊತ್ತು ತಿರುಗುವುದಕ್ಕಿಂತ ಎರಡು ಓಟಗಳ ನಡುವಿನ ಬಿಡುವಿನಲ್ಲಿ ಆ ನಾಲ್ಕನ್ನು ಕ್ಯಾಮೆರಾದಲ್ಲೇ ಪರಿವರ್ತಿಸಿ ಫೋನಿಗೆ ಕಳಿಸುವುದು ಹಗುರವಾದ ದಾರಿ.

ಹಾಗಾಗಿ ನನ್ನ ಶಿಫಾರಸು ಹೀಗಿದೆ. ಹಗಲಿನ ಕ್ರಿಕೆಟ್, ಅಥ್ಲೆಟಿಕ್ಸ್, ಹಾಕಿ ಇವುಗಳನ್ನು ಸುದ್ದಿಗಾಗಿ ತೆಗೆಯುವವರು ಗರಿಷ್ಠ ಗುಣಮಟ್ಟದ ಜೆಪೆಗ್ ಇಟ್ಟುಕೊಂಡು ಎಕ್ಸ್‌ಪೋಷರ್ ಮೇಲೆ ನಿಗಾ ಇಡಲಿ. ಟಿವಿ ಪ್ರಸಾರಕ್ಕೆಂದು ಬೆಳಕು ಮಾಡಿದ ಒಳಾಂಗಣ ಕಬಡ್ಡಿಗೂ ಅದೇ ಸಾಕು, ಏಕೆಂದರೆ ಅಲ್ಲಿನ ಬೆಳಕು ಸಾಮಾನ್ಯವಾಗಿ ಮಿಡಿಯುವುದಿಲ್ಲ. ಊರ ಜಾತ್ರೆಯ ಹೊನಲು ಬೆಳಕಿನ ಕಬಡ್ಡಿ, ದಸರೆಯ ಕುಸ್ತಿಯ ಸಂಜೆ, ಕಂಬಳದ ರಾತ್ರಿ ಇವಕ್ಕೆಲ್ಲ ಕುಗ್ಗಿಸಿದ ರಾ. ನಷ್ಟರಹಿತ ರಾವನ್ನು ನಾನು ಕನೆಹಲಗೆಗೂ ಸೂರ್ಯೋದಯದ ಹೊತ್ತಿನ ಓಟಗಳಿಗೂ ಮಾತ್ರ ಮೀಸಲಿಡುತ್ತೇನೆ. ಅಲ್ಲಿ ಬರ್ಸ್ಟ್ ಚಿಕ್ಕದು, ಹೊಳಪು ಮತ್ತು ನೆರಳಿನ ಅಂತರ ದೊಡ್ಡದು.

ಈ ಬದಲಾವಣೆಗಳನ್ನು ಕತ್ತಲಲ್ಲಿ ಮೆನು ಹುಡುಕಿ ಮಾಡುವುದು ಆಗದ ಮಾತು. ಕ್ಯಾಮೆರಾದ ಕಸ್ಟಮ್ ಮೋಡ್‌ಗಳಲ್ಲಿ ಒಂದಕ್ಕೆ ಜೆಪೆಗ್, ಬಿಸಿಲಿನ ವೈಟ್ ಬ್ಯಾಲೆನ್ಸ್, 1/2000 ಎಂದೂ ಇನ್ನೊಂದಕ್ಕೆ ಕುಗ್ಗಿಸಿದ ರಾ, ಫ್ಲಿಕರ್ ನಿವಾರಣೆ, 1/1250 ಎಂದೂ ಮೊದಲೇ ತುಂಬಿಟ್ಟರೆ ಡಯಲ್ ಒಮ್ಮೆ ತಿರುಗಿಸಿದರೆ ಸಾಕು. ರಾ ತೆಗೆಯುವಾಗಲೂ ಹಿಂದಿನ ಪರದೆಯಲ್ಲಿ ಕಾಣುವ ಚಿತ್ರ ಮತ್ತು ಹಿಸ್ಟೋಗ್ರಾಮ್ (ಬೆಳಕು-ನೆರಳಿನ ಹಂಚಿಕೆ ತೋರಿಸುವ ನಕ್ಷೆ) ಒಳಗಿನ ಆ ಚಿಕ್ಕ ಜೆಪೆಗ್‌ನವೇ ಆದ್ದರಿಂದ, ಪಿಕ್ಚರ್ ಸ್ಟೈಲ್ ಅನ್ನು ನ್ಯೂಟ್ರಲ್‌ಗೆ ಇಟ್ಟು ಕಾಂಟ್ರಾಸ್ಟ್ ತಗ್ಗಿಸಿಡಬೇಕು. ಇಲ್ಲವಾದರೆ ಪರದೆ ನೀರು ಸುಟ್ಟಿತೆಂದು ಮಿನುಗಿ ಹೆದರಿಸುತ್ತದೆ, ನೀವು ಬೇಕಿಲ್ಲದೆ ಇನ್ನೊಂದು ಸ್ಟಾಪ್ ಕತ್ತಲು ಮಾಡುತ್ತೀರಿ, ರಾ ಕಡತದಲ್ಲಿ ಆ ಹನಿಗಳು ಮೊದಲೇ ಸುರಕ್ಷಿತವಾಗಿದ್ದರೂ ಕೋಣದ ಮೈಯ ನಾಯ್ಸ್ ಸುಮ್ಮನೆ ಹೆಚ್ಚುತ್ತದೆ.